ಬಾರದ ಪಾರ್ಸಲ್, ಬರಬೇಕಾದ ಹಣ: ಹನ್ನೊಂದು ಪಾಠಗಳು

ಮಗಳ ಗೃಹಪ್ರವೇಶಕ್ಕೆಂದು ಆನ್‌ಲೈನ್‌ನಲ್ಲಿ ಒಂದು ವೆಟ್ ಗ್ರೈಂಡರ್ ಆರ್ಡರ್ ಮಾಡಿ, 6,480 ರೂಪಾಯಿಯನ್ನು ಮೊದಲೇ ಕಟ್ಟಿದ್ದೆ. ಗೃಹಪ್ರವೇಶ ಮುಗಿಯಿತು, ನೆಂಟರಿಷ್ಟರು ಊರಿಗೆ ಹೋದರು, ಗ್ರೈಂಡರ್ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಇನ್ನೆರಡು ದಿನ ಕಾಯಿರಿ ಮೇಡಂ." ಹೀಗೆ 23 ದಿನ ಕಾದೆ. ಬ್ಯಾಂಕಿನಲ್ಲಿ 28 ವರ್ಷ ದುಡಿದು, ಕೊನೆಯ ಆರು ವರ್ಷ ಕಾರ್ಡ್ ದೂರುಗಳ ಮೇಜಿನಲ್ಲೇ ಕೂತವಳು ನಾನು. ಗಡುವು ಮುಗಿದ ಮೇಲೆ ಬಂದವರಿಗೆ "ತಡವಾಯಿತು" ಎಂದು ಹೇಳಿ ಕಳಿಸಿದ ಸಂಕಟವೂ ನನಗೆ ಗೊತ್ತಿತ್ತು. 24ನೇ ದಿನ ಫೋನ್ ಕೆಳಗಿಟ್ಟು ಬರೆಯಲು ಕೂತೆ. ಅಲ್ಲಿಂದ ಹನ್ನೊಂದನೇ ದಿನಕ್ಕೆ ಹಣ ಖಾತೆಗೆ ಬಂತು.

ನಿವೃತ್ತಿಯಾದ ಮೇಲೆ ಶಿವಮೊಗ್ಗದ ನಮ್ಮ ಮನೆಗೆ ಇಂಥದ್ದೇ ಕಷ್ಟ ಹೊತ್ತು ಬರುವವರು ಹೆಚ್ಚಾದರು. ಓಣಿಯವರು, ಹಳೆಯ ಗ್ರಾಹಕರು, ಅವರ ಮಕ್ಕಳು. ಅವರೊಡನೆ ಕೂತು ಪತ್ರ ಬರೆಯುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲ ಪಾಠಗಳ ಹಿಂದಿರುವ ಮಾತು ಒಂದೇ: ಹಣ ವಾಪಸ್ ಬರುವ ದಾರಿಗಳು ಹಲವು ಇವೆ, ಆದರೆ ಒಂದೊಂದು ದಾರಿಗೂ ಮುಚ್ಚುವ ದಿನವೊಂದಿದೆ. "ಇನ್ನೆರಡು ದಿನ" ಎಂಬ ಮಾತು ನಮ್ಮಿಂದ ಕಸಿದುಕೊಳ್ಳುವುದು ಆ ದಿನಗಳನ್ನೇ.

1. ಹೇಳಿದ ತಾರೀಖು ದಾಟಿದ ದಿನವೇ ಕೆಲಸ ಶುರು ಮಾಡಿ

ಆರ್ಡರ್ ಮಾಡಿದ ಕೂಡಲೇ, ಯಾವ ದಿನದೊಳಗೆ ತಲುಪಿಸುತ್ತೇವೆ ಎಂದು ತೋರಿಸುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ತಡವಾದಂತೆಲ್ಲ ಆ್ಯಪ್‌ನಲ್ಲಿ ಆ ತಾರೀಖು ಮುಂದೆ ಮುಂದೆ ಸರಿಯುತ್ತದೆ. ಮೊದಲು ಕೊಟ್ಟ ಮಾತು ಏನಾಗಿತ್ತು ಎನ್ನುವುದಕ್ಕೆ ಆಮೇಲೆ ನಮ್ಮ ಬಳಿ ಸಾಕ್ಷಿಯೇ ಉಳಿದಿರುವುದಿಲ್ಲ.

ಈ ತಾರೀಖಿಗೆ ಕಾನೂನಿನ ಬೆಲೆಯಿದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ವಸ್ತುವನ್ನು ಮಾರಾಟಗಾರ ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೇ ತಿಂಗಳ ಕೊನೆಗೆ ಔಷಧಿ ಹೊಡೆಯುವ ಪಂಪು ತರಿಸಿದ್ದರು. ಮಳೆ ಜೋರಾಗುವ ಮೊದಲು ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಫಸಲನ್ನೇ ತಿನ್ನುತ್ತದೆ. ಜೂನ್ ಕಳೆಯಿತು, ಪಂಪು ಬರಲಿಲ್ಲ. ಬಾಡಿಗೆಗೆ ಪಂಪು ತಂದು ಕೆಲಸ ಮುಗಿಸಿಕೊಂಡರು. ಜುಲೈ ನಡುವೆ ಪಾರ್ಸಲ್ ಬಂದಾಗ, "ಬಂದಿದೆಯಲ್ಲ, ಇಟ್ಟುಕೊಳ್ಳಲೇಬೇಕೇನೋ" ಎಂದು ಕೇಳಲು ಫೋನ್ ಮಾಡಿದರು. ಬೇಕಿಲ್ಲ ಎಂದೆ. ಮೊದಲ ತಾರೀಖಿನ ಸ್ಕ್ರೀನ್‌ಶಾಟ್ ಅವರ ಮಗನ ಮೊಬೈಲಿನಲ್ಲಿತ್ತು. ಪಾರ್ಸಲ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರು. ಪೂರ್ತಿ ಹಣ ಬಂತು.

2. ಮಾರಿದವರು ಯಾರು ಎಂದು ಮೊದಲು ತಿಳಿದುಕೊಳ್ಳಿ

ನಾವು ಆ್ಯಪ್‌ನ ಹೆಸರನ್ನಷ್ಟೇ ನೆನಪಿಡುತ್ತೇವೆ. ಆದರೆ ದೊಡ್ಡ ಆ್ಯಪ್‌ಗಳಲ್ಲಿ ಹೆಚ್ಚಿನವು ಸಂತೆಯ ಮೈದಾನವಿದ್ದಂತೆ. ಮೈದಾನ ಒಬ್ಬರದು, ಅಂಗಡಿ ಇನ್ನೊಬ್ಬರದು. ಹಣ ಕೇಳುವಾಗ ಇಬ್ಬರ ಹೆಸರೂ ಬೇಕು. ಇಲ್ಲದಿದ್ದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕುತ್ತಾ ದಿನ ದೂಡುತ್ತಾರೆ. ಮಾರಾಟಗಾರರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆಗಳನ್ನು ಗ್ರಾಹಕರಿಗೆ ಕಾಣುವಂತೆ ಪ್ರಕಟಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ.

ಬಿಲ್‌ನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು. ಕರ್ನಾಟಕಕ್ಕೆ 29. ಆ ಸಂಖ್ಯೆಯನ್ನು ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಸಂಸ್ಥೆಯ ನೋಂದಾಯಿತ ಹೆಸರು ತಿಳಿಯುತ್ತದೆ, ನೋಂದಣಿ ಜೀವಂತವಾಗಿದೆಯೋ ರದ್ದಾಗಿದೆಯೋ ಎಂಬುದೂ ಕಾಣುತ್ತದೆ. ಈಗ ಯಾರ ಮನೆಗೆ ಹೊಸ ಆ್ಯಪ್ ಬಂದರೂ, ಕೊಳ್ಳುವ ಮೊದಲೇ ಇಷ್ಟನ್ನು ನೋಡಿ ಎನ್ನುತ್ತೇನೆ. ಎರಡು ನಿಮಿಷದ ಕೆಲಸ.

3. ಬೇಕಾದ್ದು ವಸ್ತುವೋ ಹಣವೋ ಎಂದು ತೀರ್ಮಾನಿಸಿ, ಬರವಣಿಗೆಯಲ್ಲಿ ಕೇಳಿ

ಮೊದಲ 23 ದಿನ ನಾನು ಮಾಡಿದ ತಪ್ಪು ಇದೇ. "ಬೇಗ ಕಳಿಸಿ, ಇಲ್ಲದಿದ್ದರೆ ಹಣ ಕೊಡಿ" ಎನ್ನುತ್ತಿದ್ದೆ. ಎರಡನ್ನೂ ಕೇಳಿದರೆ ಅವರು ತಮಗೆ ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ಕಾಯಿಸುವುದು ಅವರಿಗೆ ಸುಲಭ.

ಫೋನಿನಲ್ಲಿ ಆಡಿದ ಮಾತಿಗೆ ನಮ್ಮ ಕೈಯಲ್ಲಿ ಗುರುತು ಉಳಿಯುವುದಿಲ್ಲ. ಆದ್ದರಿಂದ ಇಮೇಲ್ ಮಾಡಿ, ಅಥವಾ ಆ್ಯಪ್‌ನ ಚಾಟ್‌ನಲ್ಲಿ ಬರೆದು ಅದರ ಚಿತ್ರ ಉಳಿಸಿಕೊಳ್ಳಿ. ನಾನು ಎಲ್ಲರಿಗೂ ಬರೆಸುವ ಒಕ್ಕಣೆ ಇಷ್ಟೇ:

"ನನ್ನ ಆರ್ಡರ್ ಸಂಖ್ಯೆ ಇಂಥದ್ದು. ಇಂಥ ದಿನ ಇಷ್ಟು ರೂಪಾಯಿಯನ್ನು ಈ ಮೂಲಕ ಪಾವತಿಸಿದ್ದೇನೆ. ನೀವು ತಲುಪಿಸುವುದಾಗಿ ಹೇಳಿದ್ದ ದಿನಾಂಕ ಇದು. ಇಂದಿನವರೆಗೂ ವಸ್ತು ನನ್ನ ಕೈಸೇರಿಲ್ಲ. ಇನ್ನು ಮುಂದೆ ಅದನ್ನು ಸ್ವೀಕರಿಸುವುದಿಲ್ಲ. ಆರ್ಡರ್ ರದ್ದು ಮಾಡಿ, ಪೂರ್ತಿ ಹಣವನ್ನು ಪಾವತಿಸಿದ ಮೂಲಕ್ಕೇ 7 ದಿನದೊಳಗೆ ಮರಳಿಸಿ."

ಬೈಗುಳ ಬೇಡ, ಗೋಳೂ ಬೇಡ. ಮುಂದೆ ಬ್ಯಾಂಕಿನವರು, ಗ್ರಾಹಕ ಸಹಾಯವಾಣಿಯವರು, ಗ್ರಾಹಕ ಆಯೋಗದವರು ಓದುವುದು ಇದೇ ಪತ್ರವನ್ನು. ಯಾರು ಓದಿದರೂ ಒಂದು ನಿಮಿಷದಲ್ಲಿ ವಿಷಯ ತಿಳಿಯಬೇಕು.

4. ಫೋನ್ ಮಾಡಲೇಬೇಕಾದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಕೆಲವು ಕಡೆ ಫೋನ್ ಬಿಟ್ಟರೆ ದಾರಿಯಿಲ್ಲ. ಆಗ ದಿನಾಂಕ, ಸಮಯ, ಮಾತಾಡಿದವರ ಹೆಸರು, ಅವರು ಹೇಳಿದ್ದು, ಅವರು ಕೊಟ್ಟ ದೂರಿನ ಸಂಖ್ಯೆ, ಈ ಐದನ್ನೂ ಬರೆದುಕೊಳ್ಳಿ. ಫೋನ್ ಇಟ್ಟ ಕೂಡಲೇ, "ಈಗ ನಿಮ್ಮವರು ನನಗೆ ಹೀಗೆ ಹೇಳಿದರು" ಎಂದು ಒಂದು ಇಮೇಲ್ ಹಾಕಿ. ಆಡಿದ ಮಾತು ಅಲ್ಲಿಗೆ ದಾಖಲೆಯಾಗುತ್ತದೆ.

ಇನ್ನೊಂದು ಮಾತನ್ನು ಮನಸ್ಸಿನಿಂದ ಹೇಳುತ್ತೇನೆ. ಆ ಕಡೆ ಫೋನ್ ಎತ್ತುವ ಹುಡುಗಿಯ ಮೇಲೆ, ಪಾರ್ಸಲ್ ಹೊತ್ತು ತರುವ ಹುಡುಗನ ಮೇಲೆ ಕೂಗಾಡಬೇಡಿ. ಹಣ ಹಿಡಿದುಕೊಂಡವರು ಅವರಲ್ಲ. ಬಿಸಿಲಲ್ಲಿ ಬೈಕ್ ಓಡಿಸುವ ಆ ಹುಡುಗನನ್ನು ಸಮಾಧಾನವಾಗಿ ಕೇಳಿದರೆ, "ಆಂಟಿ, ಆ ಪಾರ್ಸಲ್ ನಮ್ಮ ಆಫೀಸಿಗೇ ಬಂದಿಲ್ಲ" ಎಂಬ ನಿಜ ಸಿಗುತ್ತದೆ. ನನ್ನ ಗ್ರೈಂಡರಿನ ವಿಷಯ ನನಗೆ ತಿಳಿದದ್ದೂ ಹಾಗೆಯೇ.

5. "ತಲುಪಿಸಲಾಗಿದೆ" ಎಂದು ತೋರಿಸಿದರೆ ಅದೇ ದಿನ ಅಲ್ಲಗಳೆಯಿರಿ

ವಸ್ತು ಬಂದಿಲ್ಲ, ಆ್ಯಪ್ ಮಾತ್ರ ಬಂದಿದೆ ಎನ್ನುತ್ತದೆ. ಇದು ಬರೀ ತಡವಾಗುವುದಕ್ಕಿಂತ ಕಷ್ಟದ ಪ್ರಕರಣ. ಮೊದಲು ಪಕ್ಕದ ಮನೆ, ವಾಚ್‌ಮನ್, ಎದುರಿನ ಅಂಗಡಿಯಲ್ಲಿ ವಿಚಾರಿಸಿ. ಹಳ್ಳಿಗಳಲ್ಲಿ ಕೊರಿಯರ್‌ನವರು ಬಸ್‌ಸ್ಟಾಂಡ್ ಹತ್ತಿರದ ಅಂಗಡಿಯಲ್ಲಿ ಬಿಟ್ಟುಹೋಗುವುದು ಸಾಮಾನ್ಯ. ಅಲ್ಲೆಲ್ಲೂ ಇಲ್ಲವೆಂದರೆ ಅದೇ ದಿನ ಬರೆಯಿರಿ: "ನನಗೆ ತಲುಪಿಲ್ಲ. ತಲುಪಿಸಿದ್ದಕ್ಕೆ ಪುರಾವೆ ಕೊಡಿ." ಸಹಿ, ಫೋಟೊ, ಒಟಿಪಿ, ಕೊಟ್ಟ ಸಮಯ, ಪಡೆದವರ ಹೆಸರು ಎಲ್ಲವನ್ನೂ ಕೇಳಿ. ಒಂದು ವಾರ ಸುಮ್ಮನಿದ್ದು ಆಮೇಲೆ ಹೇಳಿದರೆ ನಮ್ಮ ಮಾತಿನ ತೂಕ ಇಳಿಯುತ್ತದೆ.

"ಗ್ರಾಹಕರು ಮನೆಯಲ್ಲಿರಲಿಲ್ಲ" ಎಂದು ಬರೆದಿದ್ದರೆ, ಆ ದಿನದ ನಿಮ್ಮ ಮೊಬೈಲಿನ ಕರೆಗಳ ಪಟ್ಟಿಯ ಚಿತ್ರ ತೆಗೆದಿಡಿ. ಒಂದು ಕರೆಯೂ ಬಂದಿಲ್ಲ ಎಂದು ತೋರಿಸಲು ಅದು ನೆರವಾಗುತ್ತದೆ. ಮತ್ತೆ, ಪಾರ್ಸಲ್ ಕೈಗೆ ಬರುವ ಮೊದಲು ಯಾರಿಗೂ ಒಟಿಪಿ ಹೇಳಬೇಡಿ. "ನಾಳೆ ತಂದುಕೊಡ್ತೀನಿ, ನಂಬರ್ ಹೇಳಿ" ಎಂದರೂ ಹೇಳಬೇಡಿ. ಒಟಿಪಿ ಕೊಟ್ಟರೆ ವಸ್ತು ಪಡೆದೆನೆಂದು ಸಹಿ ಹಾಕಿಕೊಟ್ಟಂತೆ.

6. ಕುಂದುಕೊರತೆ ಅಧಿಕಾರಿಯನ್ನು ಹುಡುಕಿ

ಕಸ್ಟಮರ್ ಕೇರ್‌ನಲ್ಲಿ ಸುತ್ತಿ ಸುತ್ತಿ ಸುಸ್ತಾದವರಿಗೆ ಈ ಹುದ್ದೆ ಇರುವುದೇ ಗೊತ್ತಿರುವುದಿಲ್ಲ. ಪ್ರತಿಯೊಂದು ಇ-ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಪುಟದ ತೀರಾ ಕೆಳಗೆ, ಸಣ್ಣ ಅಕ್ಷರಗಳ ನಡುವೆ ಹುಡುಕಿ. ದೂರು ತಲುಪಿದ 48 ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪತ್ರದ ಕೊನೆಗೆ ಈ ಎರಡು ಗಡುವನ್ನೂ ಬರೆಯಿರಿ. ನನ್ನ ಹಣ ಅಲುಗಾಡಿದ್ದು ಈ ಪತ್ರದ ಮರುದಿನ.

7. ಹಣ ಯಾವ ದಾರಿಯಲ್ಲಿ ಹೋಯಿತೋ ಆ ದಾರಿಯನ್ನೇ ಹಿಡಿಯಿರಿ

ನನ್ನ ಬ್ಯಾಂಕಿನ ಅನುಭವವೆಲ್ಲ ಈ ಪಾಠದಲ್ಲಿದೆ. ಇದನ್ನು ನಿಧಾನವಾಗಿ ಓದಿ.

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, ಮಾರಾಟಗಾರರು ಒಪ್ಪದಿದ್ದರೂ ಹಣ ಹಿಂದಕ್ಕೆ ಎಳೆಯುವ ವ್ಯವಸ್ಥೆಯೊಂದಿದೆ. ಬ್ಯಾಂಕಿನವರು ಅದನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಕಾರ್ಡ್ ಕೊಟ್ಟ ನಮ್ಮ ಬ್ಯಾಂಕ್, ಕಾರ್ಡ್ ಜಾಲದ ಮೂಲಕ, ಅಂಗಡಿಯವರ ಬ್ಯಾಂಕನ್ನು ಕೇಳುತ್ತದೆ. ವಸ್ತು ತಲುಪಿಸಿದ್ದಕ್ಕೆ ಅವರು ಪುರಾವೆ ತೋರಿಸಬೇಕು. ತೋರಿಸದಿದ್ದರೆ ಹಣ ನಮ್ಮದು. ವಿವಾದದ ಅರ್ಜಿಯಲ್ಲಿ ಕಾರಣ ಕೇಳಿದಾಗ "ವಸ್ತು ತಲುಪಿಲ್ಲ" ಎಂಬುದನ್ನೇ ಆರಿಸಿ. "ವಂಚನೆ" ಎಂದೋ "ನಾನು ಮಾಡದ ವ್ಯವಹಾರ" ಎಂದೋ ಗುರುತು ಹಾಕಿದರೆ ಅರ್ಜಿ ಬಿದ್ದುಹೋಗುತ್ತದೆ, ಏಕೆಂದರೆ ಆರ್ಡರ್ ಮಾಡಿದ್ದು ನೀವೇ. ಸರಿಯಾದ ಕಾರಣ ಬರೆಯದೆ ಸೋತ ನ್ಯಾಯವಾದ ದೂರುಗಳನ್ನು ನಾನೇ ಕಂಡಿದ್ದೇನೆ.

ದೊಡ್ಡ ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಮಿತಿ ಇರುತ್ತದೆ. ಬ್ಯಾಂಕುಗಳು ತಮ್ಮ ಗ್ರಾಹಕರಿಗೆ ಅದಕ್ಕಿಂತ ಕಡಿಮೆ ದಿನ ಹೇಳುವುದೂ ಉಂಟು. ಹಾಗಾಗಿ ಮಾರಾಟಗಾರರಿಗೆ ಕೊಟ್ಟ 7 ದಿನ ಮುಗಿದ ಕೂಡಲೇ ಬ್ಯಾಂಕಿಗೆ ಹೋಗಿ. "ಇನ್ನೆರಡು ದಿನ" ಎಂದು ನಾಲ್ಕು ತಿಂಗಳು ಕಾದು ಬಂದವರ ಮುಖ ನನಗೆ ಇವತ್ತೂ ಮರೆತಿಲ್ಲ.

ಯುಪಿಐ ಮೂಲಕ ಅಂಗಡಿಯ ಖಾತೆಗೆ ಕಟ್ಟಿದ್ದರೆ, ಅದೇ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದು ದೂರು ದಾಖಲಿಸಿ, ಬ್ಯಾಂಕಿಗೂ ಬರೆಯಿರಿ. 12 ಅಂಕಿಯ ವ್ಯವಹಾರ ಸಂಖ್ಯೆ ನಿಮ್ಮ ಮುಖ್ಯ ಸಾಕ್ಷಿ. ಆದರೆ ಯಾರದೋ ವೈಯಕ್ತಿಕ ಮೊಬೈಲ್ ನಂಬರಿಗೆ ಹಾಕಿದ ಹಣ ಕೈಯಿಂದ ಕೈಗೆ ಕೊಟ್ಟ ನೋಟಿನಂತೆ. ಅದನ್ನು ಹಿಂದಕ್ಕೆ ತರುವುದು ತುಂಬ ಕಷ್ಟ.

ಇನ್ನೊಂದು ಸ್ಥಿತಿಯನ್ನು ಇದರೊಡನೆ ಬೆರೆಸಬೇಡಿ. ನಮ್ಮ ಖಾತೆಯಿಂದ ಹಣ ಹೋಗಿದೆ, ಅಂಗಡಿಗೆ ಪಾವತಿಯ ದೃಢೀಕರಣವೇ ತಲುಪಿಲ್ಲ ಎಂದಾದರೆ ಅದು ವಿಫಲ ವ್ಯವಹಾರ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಯುಪಿಐನಲ್ಲಿ ಹೀಗಾದಾಗ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ಮರಳಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಸೇರಬೇಕು. ಪಾವತಿ ತಲುಪಿ ಪಾರ್ಸಲ್ ಬರದಿದ್ದರೆ ಈ ನಿಯಮ ನೆರವಿಗೆ ಬರುವುದಿಲ್ಲ.

ಬ್ಯಾಂಕೇ ಸುಮ್ಮನಾದರೆ? ಬರೆದು ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.

8. "ರೀಫಂಡ್ ಆಗಿದೆ" ಎಂದರೆ ಸಂಖ್ಯೆ ಕೇಳಿ

ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪ್ ಬರಲೇ ಇಲ್ಲ. ಆರ್ಡರ್ ರದ್ದಾಯಿತು. "ಹಣ ಕಳಿಸಿಯಾಗಿದೆ" ಎಂದು ಅವರು, "ಬಂದಿಲ್ಲ" ಎಂದು ಇವನು, ಒಂದು ತಿಂಗಳು ಹೀಗೇ ಕಳೆಯಿತು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅವನ ಅಪ್ಪ ಆ ನಡುವೆ ಹಳೆಯ ಕ್ರೆಡಿಟ್ ಕಾರ್ಡನ್ನು ಮುಚ್ಚಿಸಿದ್ದರು. ಹಣ ಆ ಮುಚ್ಚಿದ ಕಾರ್ಡಿನ ಲೆಕ್ಕಕ್ಕೆ ಬಂದು ಕೂತಿತ್ತು.

ಅದನ್ನು ಪತ್ತೆ ಮಾಡಿಕೊಟ್ಟದ್ದು ಎಆರ್‌ಎನ್ ಎಂಬ 23 ಅಂಕಿಯ ಸಂಖ್ಯೆ. ಕಾರ್ಡಿಗೆ ಮರಳುವ ಹಣಕ್ಕೆ ಇಂಥ ಗುರುತು ಇರುತ್ತದೆ. ಯುಪಿಐ ಆದರೆ 12 ಅಂಕಿಯ ಸಂಖ್ಯೆ. "ಪ್ರೊಸೆಸ್ ಆಗಿದೆ" ಎಂಬ ಮಾತಿಗೆ ತಲೆಯಾಡಿಸಬೇಡಿ, ಈ ಸಂಖ್ಯೆಯನ್ನು ಬರವಣಿಗೆಯಲ್ಲಿ ಪಡೆದು ಬ್ಯಾಂಕಿಗೆ ಕೊಡಿ. ಹಣ ನಿಜಕ್ಕೂ ಹೊರಟಿದ್ದರೆ ಬ್ಯಾಂಕ್ ಅದರ ಜಾಡು ಹಿಡಿಯುತ್ತದೆ.

ಹಣದ ಬದಲು ಕೂಪನ್, ಪಾಯಿಂಟ್ ಅಥವಾ ಅವರದೇ ವ್ಯಾಲೆಟ್‌ಗೆ ಹಾಕುತ್ತೇವೆ ಎಂದರೆ ಒಪ್ಪಲೇಬೇಕೆಂದೇನಿಲ್ಲ. ಬೇಡವೆನಿಸಿದರೆ "ಪಾವತಿಸಿದ ಮೂಲಕ್ಕೇ ಮರಳಿಸಿ" ಎಂದು ಬರೆಯಿರಿ. ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಎರಡು ಸಲ ಓದಿ.

9. 1915ಕ್ಕೆ ಕನ್ನಡದಲ್ಲೇ ಮಾತಾಡಿ

ಕುಂದುಕೊರತೆ ಅಧಿಕಾರಿಗೆ ಬರೆದೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹದಿನೇಳು ಭಾಷೆಗಳಲ್ಲಿ ಸೇವೆಯಿದೆ, ಕನ್ನಡವೂ ಅದರಲ್ಲಿದೆ. ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿದು ಹಣ ಬಿಟ್ಟವರನ್ನು ನೋಡಿದ್ದೇನೆ. ಅವರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸಹಾಯವಾಣಿ ನ್ಯಾಯಾಲಯವಲ್ಲ, ಅದು ಆದೇಶ ಹೊರಡಿಸುವುದಿಲ್ಲ. ನಿಮ್ಮ ದೂರನ್ನು ಸಂಸ್ಥೆಯ ಮುಂದಿಟ್ಟು ಉತ್ತರ ಕೇಳುತ್ತದೆ. ಹೆಸರು ಕೆಡಿಸಿಕೊಳ್ಳಲು ಇಷ್ಟವಿಲ್ಲದ ಸಂಸ್ಥೆಗಳು ಈ ಹಂತದಲ್ಲೇ ಇತ್ಯರ್ಥಕ್ಕೆ ಬರುವುದನ್ನು ಕಂಡಿದ್ದೇನೆ. ಬಿಲ್, ಪಾವತಿಯ ರಸೀದಿ, ಪತ್ರಗಳನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಕೊಟ್ಟ ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಸೇರಿಸಿ.

10. ತಡವೇ ಬೇರೆ, ಮೋಸವೇ ಬೇರೆ

ಇಲ್ಲಿಯವರೆಗಿನ ಮಾತೆಲ್ಲ ನಿಜವಾದ ಅಂಗಡಿಗಳಿಗೆ. ಅಂಗಡಿಯೇ ಸುಳ್ಳಾಗಿದ್ದರೆ ಲೆಕ್ಕ ಬದಲಾಗುತ್ತದೆ.

ನಮ್ಮ ಓಣಿಯ ಕೊನೆಯಲ್ಲಿ ಹೊಲಿಗೆ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಮೊಬೈಲಿನಲ್ಲಿ ಜಾಹೀರಾತು ನೋಡಿ ಹೊಲಿಗೆ ಯಂತ್ರಕ್ಕೆ ಮೋಟಾರು ತರಿಸಲು 1,850 ರೂಪಾಯಿ ಹಾಕಿದಳು. ಹಾಕಿದ್ದು ಒಂದು ವೈಯಕ್ತಿಕ ನಂಬರಿಗೆ. ಮರುದಿನವೇ ಆ ನಂಬರ್ ಬಂದ್. "ಒಂದೆರಡು ದಿನ ನೋಡೋಣ ಅಂದ್ಕೊಂಡೆ ಅಕ್ಕಾ" ಎಂದು ನಾಲ್ಕನೇ ದಿನ ಬಂದಳು. ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಹಣ ಅಷ್ಟರಲ್ಲಿ ಖಾತೆಯಿಂದ ಖಾತೆಗೆ ದಾಟಿಹೋಗಿತ್ತು. ಬರಲಿಲ್ಲ. ಮೊದಲ ಕೆಲವು ಗಂಟೆಯೊಳಗೆ 1930ಕ್ಕೆ ತಿಳಿಸಿದರೆ ಹಣ ಇನ್ನೂ ಇರುವ ಖಾತೆಯನ್ನೇ ತಡೆಹಿಡಿಸುವ ಅವಕಾಶವಿರುತ್ತದೆ. ಇಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ.

ಎರಡನೇ ಮೋಸ ಇದಕ್ಕಿಂತ ಕ್ರೂರ. ಹಣ ಕಳೆದುಕೊಂಡವರು ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಸಿಕ್ಕ ನಂಬರ್ ಕಳ್ಳರದು. "ರೀಫಂಡ್ ಕೊಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಪಿನ್ ಒತ್ತಿ" ಎನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ನಂಬರನ್ನು ಆ ಸಂಸ್ಥೆಯ ಆ್ಯಪ್‌ನೊಳಗಿಂದ ಅಥವಾ ಬಿಲ್‌ನಿಂದ ಮಾತ್ರ ತೆಗೆದುಕೊಳ್ಳಿ. ನಿಮ್ಮ ಮೊಬೈಲಿನ ಪರದೆಯನ್ನು ಬೇರೆಯವರಿಗೆ ತೋರಿಸುವ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ.

11. ಗ್ರಾಹಕ ಆಯೋಗದ ಮೆಟ್ಟಿಲಿಗೆ ಹೆದರಬೇಡಿ

ಭದ್ರಾವತಿಯ ನಿವೃತ್ತ ಮೇಷ್ಟರೊಬ್ಬರು 38,000 ರೂಪಾಯಿ ಕಟ್ಟಿದ ಟಿ.ವಿ. ಬರಲಿಲ್ಲ. ಆ್ಯಪ್‌ನವರು "ನಾವು ಬರೀ ಮಧ್ಯವರ್ತಿ" ಎಂದರು, ಮಾರಾಟಗಾರ ಬೇರೆ ರಾಜ್ಯದವನು. "ಅಲ್ಲಿಗೆ ಹೋಗಿ ಕೇಸ್ ಹಾಕೋಕೆ ನನ್ನಿಂದ ಆಗುತ್ತಾ ತಾಯಿ?" ಎಂದು ಮೇಷ್ಟರು ಕೇಳಿದರು. ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಮಿತಿ.

ದೂರಿಗೆ ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಮಾರಾಟಗಾರರಿಗೂ ಆ್ಯಪ್‌ನವರಿಗೂ ನೋಟಿಸ್ ಕಳಿಸಿದೆವು, 15 ದಿನ ಕೊಟ್ಟೆವು. ಉತ್ತರ ಬರಲಿಲ್ಲ. ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿದೆವು. ಕಟ್ಟಿದ ಹಣ, ಅದಕ್ಕೆ ಬಡ್ಡಿ, ಮಾನಸಿಕ ಕಿರುಕುಳಕ್ಕೆ ಪರಿಹಾರ, ದೂರಿನ ಖರ್ಚು, ಇಷ್ಟನ್ನೇ ಹದವಾಗಿ ಕೇಳಿದೆವು. ಮೂರು, ನಾಲ್ಕು ಮತ್ತು ಐದನೇ ಪಾಠಗಳಲ್ಲಿ ಹೇಳಿದ ಕಾಗದಗಳೆಲ್ಲ ತಾರೀಖಿನ ಕ್ರಮದಲ್ಲಿ ಮೇಷ್ಟರ ಕಡತದಲ್ಲಿದ್ದವು. ಆಯೋಗದ ನೋಟಿಸ್ ತಲುಪಿದ ಮೇಲೆ ಆ್ಯಪ್‌ನವರೇ ರಾಜಿಗೆ ಬಂದು ಹಣ ಕೊಟ್ಟರು. ಪ್ರತಿಯೊಂದು ಪ್ರಕರಣವೂ ಇಷ್ಟು ಬೇಗ ಮುಗಿಯುವುದಿಲ್ಲ, ವರ್ಷ ದಾಟುವುದೂ ಉಂಟು. ಆದರೂ ಕಾಗದ ಗಟ್ಟಿಯಿದ್ದವರು ಧೈರ್ಯವಾಗಿ ಹೋಗಬಹುದು.

ಸಾವಿರ, ಎರಡು ಸಾವಿರಕ್ಕೆ ಇಷ್ಟೆಲ್ಲ ಓಡಾಟವೇಕೆ ಎಂದು ಕೇಳುವವರಿದ್ದಾರೆ. ಆ ಹೊಲಿಗೆಯ ಹೆಣ್ಣುಮಗಳಿಗೆ 1,850 ರೂಪಾಯಿ ಎಂದರೆ ಎಷ್ಟು ರವಿಕೆಗಳ ಕೂಲಿ ಎಂದು ನನಗೆ ಗೊತ್ತು. ಸಣ್ಣ ಮೊತ್ತವೆಂದು ಬಿಟ್ಟವರ ಹಣವನ್ನೇ ಕೂಡಿಸಿ ಕೆಲವರು ವ್ಯಾಪಾರ ನಡೆಸುತ್ತಾರೆ. ಕೇಳಿ ಪಡೆದ ಪ್ರತಿಯೊಬ್ಬರೂ ಮುಂದಿನವರಿಗೆ ದಾರಿ ಸುಲಭ ಮಾಡುತ್ತಾರೆ.

ಆಕೆ ಆಮೇಲೆ ಬೇರೆ ಕಡೆ, ಬಿಲ್ ಕೊಡುವ ಅಂಗಡಿಯಿಂದ ಮತ್ತೊಮ್ಮೆ ಮೋಟಾರು ಆರ್ಡರ್ ಮಾಡಿದಳು. ಈ ಸಲ ಡೆಬಿಟ್ ಕಾರ್ಡಿನಲ್ಲಿ ಕಟ್ಟಿದಳು, ತಾರೀಖಿನ ಸ್ಕ್ರೀನ್‌ಶಾಟ್ ತೆಗೆದಿಟ್ಟಳು, ಮಗಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಅದಕ್ಕೆಂದೇ ಮೀಸಲಿಟ್ಟಳು. ಒಂದು ಸಂಜೆ ಗೇಟಿನ ಬಳಿ ನಿಂತು ಕೇಳಿದಳು: "ಅಕ್ಕಾ, ನಾಳೆಗೆ ಅವರು ಹೇಳಿದ ತಾರೀಖು ಮುಗೀತದೆ. ಪತ್ರ ಇವತ್ತೇ ಬರೆದಿಡ್ಲಾ?"

ಮೋಟಾರು ಮರುದಿನ ಬೆಳಿಗ್ಗೆ ಬಂತು. ಪತ್ರ ಬೇಕಾಗಲಿಲ್ಲ. ಬರೆದಿಟ್ಟ ಆ ಹಾಳೆಯನ್ನು ಮಾತ್ರ ಹರಿಯಬೇಡ, ಮುಂದಿನ ಸಲಕ್ಕೆ ಇರಲಿ ಎಂದೆ.